ಇಪ್ಪತ್ತೊಂದು ತುಂಬುವ ಮೊದಲೇ ಲೆಕ್ಕ ಹಾಕಿ

ಅಮೆರಿಕದಲ್ಲಿರುವ ನಮ್ಮ ಎಚ್-1ಬಿ ಕುಟುಂಬಗಳಲ್ಲಿ ಮಕ್ಕಳ ಕಾಲೇಜಿನ ಮಾತು ಎದ್ದರೆ ಸ್ಯಾಟ್ ಅಂಕ, ಎಪಿ ಕೋರ್ಸು, ಕಂಪ್ಯೂಟರ್ ಸೈನ್ಸ್‌ಗೆ ಯಾವ ವಿಶ್ವವಿದ್ಯಾಲಯ ಮೇಲು ಎಂಬ ಚರ್ಚೆ ಊಟ ಮುಗಿದು ಕೈತೊಳೆದ ಮೇಲೂ ನಡೆಯುತ್ತದೆ. ಫೀಸಿನ ಪ್ರಶ್ನೆ ಬಂದಾಗ ಮಾತ್ರ ಒಂದೇ ಮಾತಿನಲ್ಲಿ ಇತ್ಯರ್ಥ: "ಹದಿನೈದು ವರ್ಷದಿಂದ ಇದೇ ರಾಜ್ಯದಲ್ಲಿದ್ದೇವೆ, ತೆರಿಗೆ ಕಟ್ಟುತ್ತಿದ್ದೇವೆ, ಇನ್-ಸ್ಟೇಟ್ ಫೀ ಸಿಕ್ಕೇ ಸಿಗುತ್ತದೆ." ಸಿಗುತ್ತದೆ, ನಿಜ. ಇವತ್ತಿನ ಮಟ್ಟಿಗೆ, ಬಹುತೇಕ ರಾಜ್ಯಗಳಲ್ಲಿ, ಮಗು ಎಚ್-1ಬಿಯವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ಇರುವ ತನಕ. ಈ ಮೂರು ಷರತ್ತುಗಳಲ್ಲಿ ಯಾವುದೂ ಗಟ್ಟಿಯಾಗಿ ಉಳಿದಿಲ್ಲ ಎಂಬುದನ್ನು ಹೇಳುವುದಕ್ಕೇ ಈ ಸಂಪಾದಕೀಯ. ಹನ್ನೆರಡನೇ ತರಗತಿ ಮುಗಿದ ಮೇಲೆ ಹೇಳಿದರೆ ಪ್ರಯೋಜನವಿಲ್ಲದ ವಿಷಯ ಇದು. ಒಂಬತ್ತನೇ ತರಗತಿಯಲ್ಲಿ ಮಗುವಿರುವವರು ಓದಬೇಕು.

ಮೊದಲು ಹಣದ ಮಾತು. ಮಿಷಿಗನ್ ವಿಶ್ವವಿದ್ಯಾಲಯದ ಆನ್ ಆರ್ಬರ್ ಕ್ಯಾಂಪಸ್ಸಿನಲ್ಲಿ ರಾಜ್ಯದ ನಿವಾಸಿಯ ವಾರ್ಷಿಕ ಬೋಧನಾ ಶುಲ್ಕ 2024-25ರಲ್ಲಿ 18 ಸಾವಿರ ಡಾಲರಿನ ಆಸುಪಾಸು ಇತ್ತು. ಹೊರಗಿನವರದು 60 ಸಾವಿರದ ಆಸುಪಾಸು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಮುಂತಾದ ಕ್ಯಾಂಪಸ್ಸುಗಳಲ್ಲಿ ಮಾಮೂಲಿ ಶುಲ್ಕದ ಮೇಲೆ ಹೊರಗಿನವರಿಂದ ವಸೂಲು ಮಾಡುವ ಹೆಚ್ಚುವರಿ ಮೊತ್ತವೇ 2024-25ರಲ್ಲಿ 34,200 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 29 ಲಕ್ಷ ರೂಪಾಯಿ ಮೀರುತ್ತದೆ. ಹಾಸ್ಟೆಲ್, ಊಟ, ವಿಮೆ ಇದರಲ್ಲಿ ಸೇರಿಲ್ಲ. ಎಚ್-4 ಮಗುವಿಗೆ ಫೆಡರಲ್ ಸರ್ಕಾರದ ಧನಸಹಾಯವಿಲ್ಲ, ಶಿಕ್ಷಣ ಸಾಲವಿಲ್ಲ, ದುಡಿಯಲು ಅನುಮತಿಯೂ ಇಲ್ಲ. ಆ ಮಗುವಿಗೆ ಕಾನೂನು ಕೊಡುವ ದೊಡ್ಡ ರಿಯಾಯಿತಿ ಎಂದರೆ ಇನ್-ಸ್ಟೇಟ್ ಶುಲ್ಕ. ಅದು ಕೈತಪ್ಪಿದರೆ ಉಳಿಯುವುದು ಅಪ್ಪ ಅಮ್ಮನ ಉಳಿತಾಯ, ಅದೂ ಸಾಲದಿದ್ದರೆ ಊರಿನಲ್ಲಿರುವ ಅಜ್ಜನ ಸೈಟು.

ಈ ರಿಯಾಯಿತಿ ಯಾರಿಗೆ ಎಂದು ತೀರ್ಮಾನಿಸುವುದು ರಾಜ್ಯಗಳು. ಸಾಮಾನ್ಯ ನಿಯಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ತರಗತಿ ಶುರುವಾಗುವ ಮೊದಲು ಹನ್ನೆರಡು ತಿಂಗಳು ರಾಜ್ಯದಲ್ಲಿ ವಾಸವಾಗಿರಬೇಕು, ಆ ವಾಸ ಓದಿಗಾಗಿ ಅಲ್ಲ, ಬದುಕಿಗಾಗಿ ಎಂದು ತೋರಿಸಬೇಕು. ಕ್ಯಾಲಿಫೋರ್ನಿಯಾ ಒಂದು ದಿನ ಹೆಚ್ಚಿಗೆ ಕೇಳುತ್ತದೆ, 366 ದಿನ. ವಿದ್ಯಾರ್ಥಿ ತಂದೆತಾಯಿಯ ಆಶ್ರಯದಲ್ಲಿದ್ದರೆ ತಂದೆತಾಯಿಯ ನೆಲೆಯೇ ಅವನ ನೆಲೆ. ವಿಶ್ವವಿದ್ಯಾಲಯದ ರೆಸಿಡೆನ್ಸಿ ಫಾರಂ ತೆರೆದು ನೋಡಿದವರಿಗೆ ಗೊತ್ತು, ಅಲ್ಲಿ ಕೇಳುವುದು ಎಷ್ಟು ಒಣ ಪ್ರಶ್ನೆಗಳನ್ನು: ಈ ರಾಜ್ಯಕ್ಕೆ ಯಾವ ದಿನಾಂಕದಂದು ಬಂದಿರಿ, ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ, ಕಾರು ಯಾವ ರಾಜ್ಯದಲ್ಲಿ ನೋಂದಣಿಯಾಗಿದೆ, ಕಳೆದ ವರ್ಷ ಆದಾಯ ತೆರಿಗೆಯಲ್ಲಿ ನಿಮ್ಮನ್ನು ಅವಲಂಬಿತರೆಂದು ಯಾರು ತೋರಿಸಿದರು. ಅಮೆರಿಕದ ಪ್ರಜೆ ಅಲ್ಲದವರಿಗೆ ಇನ್ನೊಂದು ಸಾಲು ಇದೆ: ವೀಸಾ ಯಾವ ಬಗೆಯದು, ಎಂದಿನ ತನಕ ಊರ್ಜಿತ. ಹದಿನೈದು ವರ್ಷದ ತೆರಿಗೆ, ಮನೆಸಾಲ, ಶಾಲೆಯ ಬ್ಯಾಂಡಿನಲ್ಲಿ ಬಾರಿಸಿದ ಟ್ರಂಪೆಟ್ ಎಲ್ಲವೂ ಕೊನೆಗೆ ಈ ಒಂದು ಸಾಲಿನ ಮುಂದೆ ಕೈಕಟ್ಟಿ ನಿಲ್ಲುತ್ತವೆ.

ಆ ಸಾಲಿನಲ್ಲಿ ಎಚ್-4 ಎಂದು ಬರೆದರೂ ನಡೆಯುತ್ತದಲ್ಲ, ಅದು ತಾನಾಗಿ ಬಂದ ಅನುಕೂಲವಲ್ಲ. 1973ರಲ್ಲಿ ವ್ಲ್ಯಾಂಡಿಸ್ ವಿರುದ್ಧ ಕ್ಲೈನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕನೆಕ್ಟಿಕಟ್ ರಾಜ್ಯದ ಒಂದು ನಿಯಮವನ್ನು ತಳ್ಳಿಹಾಕಿತು. ಅರ್ಜಿ ಹಾಕುವಾಗ ಹೊರರಾಜ್ಯದ ವಿಳಾಸವಿದ್ದರೆ ಓದು ಮುಗಿಯುವ ತನಕವೂ ನೀವು ಹೊರಗಿನವರೇ ಎನ್ನುತ್ತಿತ್ತು ಆ ನಿಯಮ. ಅದೇ ರಾಜ್ಯದವನನ್ನು ಮದುವೆಯಾಗಿ ಅಲ್ಲೇ ಸಂಸಾರ ಹೂಡಿದ್ದ ವಿದ್ಯಾರ್ಥಿನಿಯೂ ಹೊರಗಿನವಳೇ ಆಗಿದ್ದಳು. ಮುಚ್ಚಳಿಕೆ ಬರೆಸಿಕೊಂಡ ಹಾಗೆ ಬಾಗಿಲು ಹಾಕುವಂತಿಲ್ಲ, ತನ್ನ ನೆಲೆ ಇಲ್ಲೇ ಎಂದು ಸಾಬೀತುಪಡಿಸಲು ಅವಕಾಶ ಕೊಡಬೇಕು ಎಂದಿತು ನ್ಯಾಯಾಲಯ. ಹಾಗೆಂದು ರಾಜ್ಯಗಳು ಒಂದು ವರ್ಷದ ವಾಸ ಕೇಳುವುದನ್ನು ಅದು ತಪ್ಪೆನ್ನಲಿಲ್ಲ.

ನಮ್ಮ ಮಕ್ಕಳಿಗೆ ಹೆಚ್ಚು ಹತ್ತಿರದ್ದು ಮೇರಿಲ್ಯಾಂಡಿನ ಕಥೆ. ವಾಷಿಂಗ್ಟನ್ನಿನ ವಿಶ್ವಬ್ಯಾಂಕ್ ಮೊದಲಾದ ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರು ಜಿ-4 ವೀಸಾದಲ್ಲಿ ಮೇರಿಲ್ಯಾಂಡಿನಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿಕೊಂಡಿದ್ದರು. ಮಕ್ಕಳು ಅಲ್ಲಿಯೇ ಬೆಳೆದರು. ಕಾಲೇಜು ಸೇರುವಾಗ ಮೇರಿಲ್ಯಾಂಡ್ ವಿಶ್ವವಿದ್ಯಾಲಯ, ನಿಮ್ಮದು ವಲಸಿಗರ ವೀಸಾ ಅಲ್ಲ, ಹೆಚ್ಚು ಫೀ ಕಟ್ಟಿ ಎಂದಿತು. ಮಕ್ಕಳು ಕೋರ್ಟಿಗೆ ಹೋದರು. 1978ರಲ್ಲಿ ಒಮ್ಮೆ ಸುಪ್ರೀಂ ಕೋರ್ಟಿನ ಮುಂದೆ ಬಂದು, ಮತ್ತೆ ಕೆಳಗಿಳಿದು, ಕೊನೆಗೆ 1982ರಲ್ಲಿ ಟೋಲ್ ವಿರುದ್ಧ ಮೊರೆನೋ ಎಂಬ ತೀರ್ಪು ಹೊರಬಂತು. ಈ ವೀಸಾದವರು ಇಲ್ಲಿ ಕಾಯಂ ನೆಲೆ ಹೂಡಬಾರದು ಎಂದು ಅಮೆರಿಕದ ಸಂಸತ್ತೇ ಹೇಳಿಲ್ಲದಿರುವಾಗ, ವೀಸಾವನ್ನೇ ಮುಂದೆಮಾಡಿ ಒಂದು ರಾಜ್ಯ ಅವರಿಗೆ ಹೆಚ್ಚುವರಿ ಹೊರೆ ಹೇರುವಂತಿಲ್ಲ ಎಂಬುದು ಅದರ ಸಾರ. 1990ರ ವಲಸೆ ಕಾಯ್ದೆ ಎಚ್-1ಬಿ, ಎಲ್-1 ವೀಸಾದವರು ಇಲ್ಲೇ ನೆಲೆಸುವ ಉದ್ದೇಶ ಇಟ್ಟುಕೊಳ್ಳಬಹುದು ಎಂದು ಒಪ್ಪಿತು. ಇವೆರಡರ ಬಲದ ಮೇಲೆ ಬಹುತೇಕ ರಾಜ್ಯಗಳು ಎಚ್-4 ಮಕ್ಕಳನ್ನು ನಿವಾಸಿಗಳ ಸಾಲಿನಲ್ಲಿ ಕೂರಿಸಿಕೊಂಡಿವೆ. ಸಂಸತ್ತಿನ ಒಂದು ಮೌನ, ಅದಕ್ಕೆ ನ್ಯಾಯಾಲಯ ಕೊಟ್ಟ ಒಂದು ಅರ್ಥ. ನಮ್ಮವರ ನಿಶ್ಚಿಂತೆಗೆ ಇರುವ ಪಾಯ ಇಷ್ಟೇ.

ಆ ಪಾಯದ ಆಸುಪಾಸಿನಲ್ಲೇ 2025ರಲ್ಲಿ ಅಗೆತ ಶುರುವಾಗಿದೆ. 1996ರ ಫೆಡರಲ್ ಕಾನೂನಿನಲ್ಲಿ ಒಂದು ಕಲಮು ಇದೆ: ದೇಶದಲ್ಲಿ ಕಾನೂನುಬದ್ಧವಾಗಿ ಇಲ್ಲದವರಿಗೆ ವಾಸದ ಆಧಾರದ ಮೇಲೆ ಕಾಲೇಜು ರಿಯಾಯಿತಿ ಕೊಡುವುದಾದರೆ, ಬೇರೆ ರಾಜ್ಯದ ಅಮೆರಿಕನ್ ಪ್ರಜೆಗೂ ಅದೇ ರಿಯಾಯಿತಿ ಸಿಗಬೇಕು. ರಾಜ್ಯಗಳು ಇದಕ್ಕೆ ಜಾಣ ದಾರಿ ಕಂಡುಕೊಂಡವು. 2001ರಲ್ಲಿ ಟೆಕ್ಸಸ್, ಅದರ ಬೆನ್ನಿಗೇ ಕ್ಯಾಲಿಫೋರ್ನಿಯಾ, ನಮ್ಮ ರಾಜ್ಯದ ಹೈಸ್ಕೂಲಿನಲ್ಲಿ ಇಂತಿಷ್ಟು ವರ್ಷ ಓದಿ ಪಾಸಾದವರಿಗೆ ಇನ್-ಸ್ಟೇಟ್ ಶುಲ್ಕ ಎಂದು ಕಾನೂನು ಮಾಡಿದವು. ಟೆಕ್ಸಸ್ಸಿನಲ್ಲಿ ಅದಕ್ಕೆ ಸಹಿ ಹಾಕಿದವರು ರಿಪಬ್ಲಿಕನ್ ಗವರ್ನರ್ ರಿಕ್ ಪೆರ್ರಿ ಎಂಬುದನ್ನು ಈಗಿನ ಗದ್ದಲದಲ್ಲಿ ಎಲ್ಲರೂ ಮರೆತಿದ್ದಾರೆ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 2010ರಲ್ಲಿ, ಇದು ವಾಸದ ಆಧಾರವಲ್ಲ, ಶಾಲೆಯ ಆಧಾರ ಎಂದು ಎತ್ತಿಹಿಡಿಯಿತು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇದೇ ಹಾದಿ ಹಿಡಿದವು.

2025ರ ಏಪ್ರಿಲ್ ಕೊನೆಯಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶವೊಂದು ಇಂಥ ರಾಜ್ಯ ಕಾನೂನುಗಳ ಮೇಲೆ ಕ್ರಮ ಕೈಗೊಳ್ಳಲು ಸೂಚಿಸಿತು. ಜೂನ್ 4ರಂದು ಫೆಡರಲ್ ನ್ಯಾಯ ಇಲಾಖೆ ಟೆಕ್ಸಸ್ ಮೇಲೆ ದಾವೆ ಹೂಡಿತು. ತನ್ನ ರಾಜ್ಯದ ಕಾನೂನನ್ನು ಸಮರ್ಥಿಸಬೇಕಾದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಅದೇ ದಿನ, ಹೌದು, ಇದು ತಪ್ಪು ಎಂದು ಒಪ್ಪಿಕೊಂಡರು. ನ್ಯಾಯಾಧೀಶ ರೀಡ್ ಓ'ಕಾನರ್ ಅದೇ ದಿನ ಶಾಶ್ವತ ತಡೆ ಕೊಟ್ಟರು. ಇಪ್ಪತ್ತನಾಲ್ಕು ವರ್ಷ ನಿಂತಿದ್ದ ಕಾನೂನು, ವಾದ ಪ್ರತಿವಾದವಿಲ್ಲದೆ, ಒಂದು ಹಗಲಿನಲ್ಲಿ ಬಿದ್ದುಹೋಯಿತು. ಫ್ಲೋರಿಡಾ ಇಂಥದ್ದೇ ತನ್ನ 2014ರ ಕಾನೂನನ್ನು ತಾನೇ ರದ್ದು ಮಾಡಿತು; ಆ ರದ್ದತಿ 2025ರ ಜುಲೈ 1ರಿಂದ ಜಾರಿಗೆ ಬಂತು. ಕೆಂಟಕಿ, ಮಿನ್ನೆಸೋಟ, ಒಕ್ಲಹೋಮ, ಇಲಿನಾಯ್, ಕ್ಯಾಲಿಫೋರ್ನಿಯಾಗಳ ಮೇಲೂ ಅದೇ ವರ್ಷ ದಾವೆಗಳು ಬಿದ್ದವು.

ಇದೆಲ್ಲ ದಾಖಲೆಯಿಲ್ಲದವರ ವಿಷಯ, ನಮಗೇಕೆ ಎನ್ನುವವರು ನಮ್ಮಲ್ಲಿ ಬಹಳ. ಕೆಲವರಿಗೆ ಒಳಗೊಳಗೇ ಸಂತೋಷವೂ ಆಗಿದೆ. ನಾವು ಸಾಲಿನಲ್ಲಿ ನಿಂತು ಬಂದವರು, ಅವರು ಬೇಲಿ ಹಾರಿ ಬಂದವರು ಎಂಬ ಲೆಕ್ಕಾಚಾರ. ಆ ಸಂತೋಷಕ್ಕೆ ಆತುರ ಬೇಡ. ಟೆಕ್ಸಸ್ ಆದೇಶ ಅನ್ವಯಿಸುವುದು ಕಾನೂನುಬದ್ಧವಾಗಿ ಇಲ್ಲದವರಿಗೆ ಮಾತ್ರ, ಒಪ್ಪೋಣ. ಆದರೆ ಯಾರು ಕಾನೂನುಬದ್ಧರು, ಯಾರು ಅಲ್ಲ ಎಂದು ವಿಂಗಡಿಸುವ ಕೆಲಸ ಬಿದ್ದದ್ದು ಕಾಲೇಜುಗಳ ಮೇಲೆ. ವಲಸೆ ಕಾನೂನಿನ ಗೊಂಡಾರಣ್ಯ ಗೊತ್ತಿಲ್ಲದ ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತರು ಈಗ ದೇಶದಲ್ಲಿ ಎಂದಿನ ತನಕ ಇರಬಹುದೆಂದು ಹೇಳುವ ಐ-94 ಕಾಗದದ ಮೇಲಿನ ದಿನಾಂಕ ನೋಡಿ ಫೀ ನಿರ್ಧರಿಸಬೇಕು. ಪಾಸ್‌ಪೋರ್ಟ್ ಅವಧಿ ಮುಗಿಯುವ ದಿನಕ್ಕೇ ಐ-94 ಅವಧಿಯನ್ನೂ ಮುಗಿಸಿ ಕೊಡುವುದು ವಿಮಾನ ನಿಲ್ದಾಣದಲ್ಲಿ ನಡೆಯುತ್ತಲೇ ಇರುತ್ತದೆ. ಅಪ್ಪನ ಎಚ್-1ಬಿ ವಿಸ್ತರಣೆ ಬಂತು, ಮಗನ ಎಚ್-4 ಅರ್ಜಿ ಇನ್ನೂ ಬಾಕಿ. ಇಂಥ ಪೇಚುಗಳಲ್ಲಿರುವ ಮಗು ತಪ್ಪು ಪಟ್ಟಿಗೆ ಬೀಳುವುದಕ್ಕೆ ದುರುದ್ದೇಶವೇನೂ ಬೇಕಿಲ್ಲ, ಗುಮಾಸ್ತರ ಕೆಲಸದೊತ್ತಡ ಸಾಕು. ಅಲ್ಲದೆ ಟೆಕ್ಸಸ್ಸಿನ ಆ ಹೈಸ್ಕೂಲ್ ದಾರಿಯನ್ನು ದಾಖಲೆಯಿಲ್ಲದವರಷ್ಟೇ ಬಳಸುತ್ತಿರಲಿಲ್ಲ. ಇಪ್ಪತ್ತೊಂದು ದಾಟಿ ಎಚ್-4 ಕಳೆದುಕೊಂಡ ನಮ್ಮ ಮಕ್ಕಳಿಗೂ ಅದೇ ಆಸರೆಯಾಗಿತ್ತು. ಕಾನೂನುಬದ್ಧ ವೀಸಾ ಇರುವವರೆಗೆ ಈಗಲೂ ಆ ದಾರಿ ಅವರಿಗೆ ಮುಚ್ಚಿಲ್ಲ. ಆದರೆ ಯಾರೂ ವಾದಿಸದೆ ಅರ್ಧ ಕೆಡವಿದ ಗೋಡೆಯ ಉಳಿದರ್ಧ ನಿಂತೇ ಇರುತ್ತದೆಂದು ನಂಬಿ ಮಲಗುವುದು ಹೇಗೆ?

ಇನ್ನು ಇಪ್ಪತ್ತೊಂದರ ಲೆಕ್ಕ. ಅಮೆರಿಕದ ವಲಸೆ ಕಾನೂನಿನಲ್ಲಿ ಮಗು ಎಂದರೆ ಇಪ್ಪತ್ತೊಂದು ತುಂಬದ, ಮದುವೆಯಾಗದ ವ್ಯಕ್ತಿ. ಹುಟ್ಟುಹಬ್ಬದ ದಿನ ಎಚ್-4 ಮುಗಿಯುತ್ತದೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬಂದರೆ ಸರಿ. ಬರುತ್ತದೆಯೇ? ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳು ಸುಮಾರು 1,40,000. ಅದರಲ್ಲಿ ಅರ್ಜಿದಾರರ ಮಡದಿ ಮಕ್ಕಳೂ ಸೇರಿದ ಲೆಕ್ಕ. ಒಂದು ದೇಶಕ್ಕೆ ಶೇ. 7ರ ಮಿತಿ. ಈ ಗ್ರೀನ್ ಕಾರ್ಡಿನ ಇಬಿ-2, ಇಬಿ-3 ಎಂಬ ವರ್ಗಗಳಲ್ಲಿ ಭಾರತದವರ ಸಾಲು 2025ರಲ್ಲಿ ನಿಂತಿದ್ದುದು 2013ರ ಅರ್ಜಿಗಳ ಹತ್ತಿರ. ಎರಡು ವರ್ಷದ ಮಗಳನ್ನು ಎತ್ತಿಕೊಂಡು 2012ರಲ್ಲಿ ಬಂದು, 2016ರಲ್ಲಿ ಅರ್ಜಿ ಹಾಕಿದ ಅಪ್ಪನಿಗೆ ಈ ವೇಗದಲ್ಲಿ ಏನು ಕಾದಿದೆ ಎಂಬುದನ್ನು ಅವನೇ ಕೂಡಿ ಕಳೆದುಕೊಳ್ಳಲಿ. ಆ ಮಗಳಿಗೆ 2031ರಲ್ಲಿ ಇಪ್ಪತ್ತೊಂದು. ಕಾಲೇಜಿನ ಮೂರನೇ ವರ್ಷ.

ಮಕ್ಕಳನ್ನು ಈ ಇಕ್ಕಟ್ಟಿನಿಂದ ಕಾಪಾಡಲೆಂದು 2002ರಲ್ಲಿ ಒಂದು ಕಾನೂನು ಬಂತು. ಉದ್ಯೋಗದಾತ ಸಲ್ಲಿಸಿದ ಐ-140 ಅರ್ಜಿ ಎಷ್ಟು ದಿನ ಬಾಕಿ ಇತ್ತೋ ಅಷ್ಟು ದಿನವನ್ನು ಮಗುವಿನ ವಯಸ್ಸಿನಿಂದ ಕಳೆಯುತ್ತಾರೆ. ಇಲ್ಲೊಂದು ವಿಪರ್ಯಾಸ ಇದೆ. ಹೆಚ್ಚು ಹಣ ಕಟ್ಟಿ ಹದಿನೈದು ದಿನದಲ್ಲಿ ಮಂಜೂರಾತಿ ಪಡೆಯುವ ಪ್ರೀಮಿಯಂ ಸೌಲಭ್ಯವನ್ನು ನಮ್ಮವರು ಹೆಮ್ಮೆಯಿಂದ ಬಳಸಿದರು. ಹಾಗೆ ಅವಸರಪಟ್ಟವರ ಮಕ್ಕಳಿಗೆ ಕಳೆಯಲು ಸಿಗುವುದು ಹದಿನೈದು ಚಿಲ್ಲರೆ ದಿನ. ಸುಮ್ಮನೆ ಕಾದವರ ಮಕ್ಕಳಿಗೆ ಹಲವು ತಿಂಗಳು. ಯಾವ ವಕೀಲರೂ ಆಗ ಇದನ್ನು ಒತ್ತಿ ಹೇಳಿದಂತಿಲ್ಲ. ಮಗುವಿಗಾಗ ನಾಲ್ಕು ವರ್ಷ, ಯಾರಿಗೆ ಹೊಳೆಯುತ್ತದೆ?

ವಯಸ್ಸನ್ನು ಯಾವ ದಿನಕ್ಕೆ ನಿಲ್ಲಿಸಿ ಎಣಿಸಬೇಕು ಎಂಬುದು ಇನ್ನೊಂದು ತಕರಾರು. ಪ್ರತಿ ತಿಂಗಳ ವೀಸಾ ಬುಲೆಟಿನ್ನಿನಲ್ಲಿ ಎರಡು ಪಟ್ಟಿಗಳಿರುತ್ತವೆ. ಅರ್ಜಿ ಸಲ್ಲಿಸಬಹುದಾದ ದಿನಾಂಕದ್ದು ಸ್ವಲ್ಪ ಮುಂದಿರುತ್ತದೆ, ಅಂತಿಮ ಮಂಜೂರಾತಿಯದ್ದು ಹಿಂದೆ. 2023ರ ಫೆಬ್ರವರಿಯಲ್ಲಿ ವಲಸೆ ಇಲಾಖೆ ಮುಂದಿನ ಪಟ್ಟಿಯನ್ನು ಒಪ್ಪಿಕೊಂಡಿತ್ತು; ಸಾಕಷ್ಟು ಮಕ್ಕಳು ಅದರಿಂದ ಬಚಾವಾದರು. 2025ರ ಆಗಸ್ಟ್ 15ರಿಂದ ಇಲಾಖೆ ಹಿಂದಿನ ಪಟ್ಟಿಗೇ ಮರಳಿತು. ಆ ದಿನದ ಮೊದಲು ಸಲ್ಲಿಸಿದ ಅರ್ಜಿಗಳಿಗೆ ಹಳೆಯ ಲೆಕ್ಕ, ನಂತರದವರಿಗೆ ಹೊಸದು. ಎರಡು ಪಟ್ಟಿಗಳ ನಡುವಿನ ಅಂತರ ಕೆಲವು ತಿಂಗಳಾದರೂ, ಇಪ್ಪತ್ತರ ಅಂಚಿನಲ್ಲಿರುವ ಮಗುವಿಗೆ ಆ ತಿಂಗಳುಗಳೇ ಎಲ್ಲ. ಸಂಸತ್ತಿನಲ್ಲಿ ಈ ಮಕ್ಕಳಿಗಾಗಿ ಮಸೂದೆಗಳು ಮತ್ತೆ ಮತ್ತೆ ಮಂಡನೆಯಾಗಿವೆ, ಎರಡೂ ಪಕ್ಷದವರು ಸಹಿ ಹಾಕಿದ್ದಾರೆ, ಪಾಸಾಗಿಲ್ಲ.

ಇಪ್ಪತ್ತೊಂದು ತುಂಬಿದ ಮಗು ದೇಶದಲ್ಲಿ ಉಳಿಯಬೇಕೆಂದರೆ ಸಾಮಾನ್ಯ ದಾರಿ ಎಫ್-1, ವಿದ್ಯಾರ್ಥಿ ವೀಸಾ. ಶುಲ್ಕದ ಕಥೆ ತಿರುಗುವುದು ಇಲ್ಲಿ. ಎಚ್-4 ಬಗ್ಗೆ ಸಂಸತ್ತು ಮೌನವಾಗಿದೆ ಎಂದೆವಲ್ಲ, ಎಫ್-1 ಬಗ್ಗೆ ಹಾಗಲ್ಲ. ಈ ವೀಸಾ ಬೇಕೆನ್ನುವವನು ಸ್ವದೇಶದಲ್ಲಿ ತನ್ನ ಮನೆಯನ್ನು ಬಿಟ್ಟುಕೊಟ್ಟಿಲ್ಲ ಎಂದು ಹೇಳಬೇಕು ಎಂಬುದು ಕಾನೂನಿನಲ್ಲೇ ಇದೆ. ಎರಡು ವರ್ಷಕ್ಕೆ ಮಂಗಳೂರು ಬಿಟ್ಟ ಹುಡುಗಿ, ಬೇಸಿಗೆ ರಜೆಯಲ್ಲಿ ಬಿಟ್ಟರೆ ಮಂಗಳೂರನ್ನು ಕಾಣದವಳು, ತನ್ನ ಮನೆ ಮಂಗಳೂರು ಎಂದು ಬರೆದುಕೊಡಬೇಕು. ಬರೆದುಕೊಟ್ಟ ಕೂಡಲೇ ವಿಶ್ವವಿದ್ಯಾಲಯ ಕೇಳುತ್ತದೆ: ಹಾಗಾದರೆ ನೀನು ಈ ರಾಜ್ಯದ ನಿವಾಸಿ ಹೇಗಾದೆ? ಅದೇ ಊರು, ಅದೇ ಮನೆ, ಅದೇ ಡ್ರೈವಿಂಗ್ ಲೈಸೆನ್ಸು. ಫೀ ಮಾತ್ರ ಮೂರು ಪಟ್ಟು. ಎಫ್-1ಗೆ ಬೇಕಾದ ಐ-20 ಪತ್ರ ಕೊಡುವ ಮೊದಲು ಅಷ್ಟೂ ಹಣ ಬ್ಯಾಂಕಿನಲ್ಲಿದೆ ಎಂದು ತೋರಿಸಬೇಕು. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಇರುವ ಅಜ್ಜ ಅಜ್ಜಿಯರಿಗೆ ಅಫಿಡವಿಟ್ ಕಳಿಸಿ ಎಂದು ಫೋನ್ ಬರುವುದು ಆಗಲೇ.

ಒಮ್ಮೆ ನಿವಾಸಿ ಎಂದು ಸೇರಿಸಿಕೊಂಡರೆ ಪದವಿ ಮುಗಿಯುವ ತನಕ ಬದಲಿಸದ ವಿಶ್ವವಿದ್ಯಾಲಯಗಳು ಇವೆ. ವೀಸಾ ಬದಲಾದ ಸೆಮಿಸ್ಟರಿನಿಂದಲೇ ಬಿಲ್ ಬದಲಿಸುವವೂ ಇವೆ. ಸೇರುವ ಮೊದಲು ಇದನ್ನು ಲಿಖಿತವಾಗಿ ಕೇಳಿ ಪಡೆಯುವವರು ನಮ್ಮಲ್ಲಿ ವಿರಳ. ಅದಕ್ಕಿಂತ ಕೆಟ್ಟದ್ದು, ತಾವಾಗಿಯೇ ಬಲೆಗೆ ಕಾಲಿಡುವವರು. ಎಚ್-4ರಲ್ಲಿ ಇಂಟರ್ನ್‌ಶಿಪ್ ಮಾಡಿ ಸಂಬಳ ಪಡೆಯುವಂತಿಲ್ಲ, ಎಫ್-1ರಲ್ಲಿ ಆಗುತ್ತದೆ. ಆದ್ದರಿಂದ ಹದಿನೆಂಟಕ್ಕೇ ಎಫ್-1ಗೆ ಬದಲಿಸಿಬಿಡಿ ಎಂಬ ಸಲಹೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಧಾರಾಳವಾಗಿ ಓಡಾಡುತ್ತದೆ. ಒಂದು ಬೇಸಿಗೆಯ ಸಂಬಳಕ್ಕಾಗಿ ನಾಲ್ಕು ವರ್ಷದ ಇನ್-ಸ್ಟೇಟ್ ಶುಲ್ಕ ಬಿಟ್ಟುಕೊಟ್ಟಂತಾಗಬಹುದು ಎಂಬ ಎಚ್ಚರಿಕೆ ಆ ಸಲಹೆಯ ಜೊತೆ ಬರುವುದಿಲ್ಲ.

ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿರುವ ಒಂದು ವಿಚಿತ್ರವನ್ನು ನಮ್ಮ ಓದುಗರು ಗಮನಿಸಬೇಕು. ಮೂರು ವರ್ಷ ರಾಜ್ಯದ ಹೈಸ್ಕೂಲಿನಲ್ಲಿ ಓದಿದವರಿಗೆ ರಿಯಾಯಿತಿ ಕೊಡುವ ಅಲ್ಲಿಯ ಎಬಿ 540 ಕಾನೂನು, ಅಪರಾಧ ಹಾಗೂ ಮಾನವ ಕಳ್ಳಸಾಗಣೆಯ ಸಂತ್ರಸ್ತರ ವೀಸಾ ಬಿಟ್ಟರೆ, ತಾತ್ಕಾಲಿಕ ವೀಸಾ ಇರುವವರನ್ನು ಹೊರಗಿಟ್ಟಿದೆ. ಅಂದರೆ ಒಂದೇ ಬೆಂಚಿನಲ್ಲಿ ಕೂತು ಓದಿದ ಇಬ್ಬರಲ್ಲಿ ವೀಸಾ ಇಲ್ಲದವಳಿಗೆ ರಿಯಾಯಿತಿ ಉಂಟು, ಎಚ್-4 ಮುಗಿದು ಎಫ್-1 ಹಿಡಿದವಳಿಗೆ ಇಲ್ಲ. ಇದಕ್ಕೆ ಮೊದಲನೆಯವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಮೂರ್ಖತನ. ಎರಡನೆಯವಳನ್ನೂ ಸೇರಿಸಿ ಎಂದು ಕೇಳುವ ಕೆಲಸ ಇತ್ತು. ನಮ್ಮ ಸಮುದಾಯ ಅದನ್ನು ಗಟ್ಟಿಯಾಗಿ ಕೇಳಲಿಲ್ಲ. ಈಗ ಆ ಕಾನೂನೇ ಕಟಕಟೆಯಲ್ಲಿ ನಿಂತಿದೆ.

ಕೆಲಸ ಹೋದವರ ಪಾಡು ಬೇರೆ. ಎಚ್-1ಬಿಯಲ್ಲಿ ಕೆಲಸ ಕಳೆದುಕೊಂಡರೆ ಸಿಗುವ ಗಡುವು ಅರವತ್ತು ದಿನ. ಹೊಸ ಕೆಲಸ ಎಲ್ಲಿ ಸಿಕ್ಕಿತೋ ಆ ರಾಜ್ಯಕ್ಕೆ ಗಂಟುಮೂಟೆ ಕಟ್ಟಬೇಕು. ಮಗ ಹನ್ನೊಂದನೇ ತರಗತಿಯ ಕೊನೆಯಲ್ಲಿದ್ದಾಗ ನ್ಯೂಜೆರ್ಸಿಯಿಂದ ಉತ್ತರ ಕ್ಯಾರೊಲಿನಾಕ್ಕೆ ಹೋದ ಕುಟುಂಬಕ್ಕೆ ಹನ್ನೆರಡು ತಿಂಗಳ ಲೆಕ್ಕ ಹೊಸದಾಗಿ ಶುರು. ಅಪ್ಪ ಮೊದಲು ಹೋಗಿ, ಶಾಲಾ ವರ್ಷ ಮುಗಿಯಲಿ ಎಂದು ತಾಯಿ ಮಕ್ಕಳು ಹಿಂದೆ ಉಳಿದರೆ ಯಾರ ನೆಲೆ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಹೊಸ ರಾಜ್ಯಕ್ಕೆ ಬಂದ ವಾರವೇ ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ಕಾರಿನ ನೋಂದಣಿ ಮಾಡಿಸಿಕೊಂಡವರು ಬದುಕಿದರು. ಬಿಡುವಾದಾಗ ಮಾಡಿಸೋಣ ಎಂದವರ ಲೆಕ್ಕ ಬಿಡುವಾದ ದಿನದಿಂದ.

ಇಲ್ಲಿ ಒಂದು ಅಪಾಯವನ್ನು ದಪ್ಪಕ್ಷರದಲ್ಲಿ ಬರೆಯಬೇಕು. ರೆಸಿಡೆನ್ಸಿ ಸಾಬೀತಿಗೆ ಕೇಳುವ ದಾಖಲೆಗಳ ಪಟ್ಟಿಯಲ್ಲಿ ಬಹಳ ಕಡೆ ಮತದಾರರ ನೋಂದಣಿಯೂ ಇರುತ್ತದೆ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿಯೂ ಹದಿನೆಂಟರ ಮಕ್ಕಳಿಗೆ, ಮತದಾರರಾಗಿ ನೋಂದಾಯಿಸಿಕೊಳ್ಳುತ್ತೀರಾ ಎಂದು ಕೇಳುತ್ತಾರೆ. ಪಟ್ಟಿಯಲ್ಲಿದೆಯಲ್ಲ ಎಂದು ಪ್ರಜೆಯಲ್ಲದ ಮಗು ಅಲ್ಲಿ ಟಿಕ್ ಹಾಕಿದರೆ ತಾನು ಅಮೆರಿಕದ ಪ್ರಜೆ ಎಂದು ಸುಳ್ಳು ಹೇಳಿದಂತೆ. ಅದು ಗ್ರೀನ್ ಕಾರ್ಡಿಗೆ ಜೀವನಪರ್ಯಂತ ಅಡ್ಡಿಯಾಗಬಲ್ಲ ತಪ್ಪು, ಗಡೀಪಾರಿಗೂ ಕಾರಣವಾಗಬಹುದು. ಫೀ ಉಳಿಸಲು ಹೋಗಿ ದೇಶವನ್ನೇ ಕಳೆದುಕೊಳ್ಳುವ ಈ ದಾರಿಯ ಬಗ್ಗೆ ಮಕ್ಕಳನ್ನು ಮುಂಚೆಯೇ ಕೂರಿಸಿ ಹೇಳಿರಿ.

ಊರಿನ ಕಡೆಗೂ ಒಂದು ಮಾತು. ಬೆಂಗಳೂರಿನಿಂದ ಎಂ.ಎಸ್. ಓದಲು ಹೊರಟಿರುವ ಎಂಜಿನಿಯರುಗಳಿಗೆ, ಒಂದು ವರ್ಷ ಅಲ್ಲಿದ್ದರೆ ಇನ್-ಸ್ಟೇಟ್ ಆಗುತ್ತೀರಿ ಎಂದು ಹೇಳುವ ಏಜೆಂಟರು ಇದ್ದಾರೆ. ಮೇಲೆ ಹೇಳಿದ ಕಾರಣಕ್ಕೇ ಎಫ್-1ರಲ್ಲಿ ಹೋದವರು ಬರೀ ವಾಸದಿಂದ ಹಾಗೆ ಆಗುವುದಿಲ್ಲ. ಟೆಕ್ಸಸ್ಸಿನಲ್ಲಿ ವರ್ಷಕ್ಕೆ ಕನಿಷ್ಠ 1,000 ಡಾಲರಿನ ಸ್ಪರ್ಧಾತ್ಮಕ ವಿದ್ಯಾರ್ಥಿವೇತನ ಪಡೆದವರಿಗೆ ನಿವಾಸಿಗಳ ಶುಲ್ಕ ಅನ್ವಯಿಸುವ ನಿಯಮ ಇದೆ. ಡಲ್ಲಾಸ್, ಆರ್ಲಿಂಗ್ಟನ್ ಕಡೆ ನಮ್ಮ ಹುಡುಗರು ಗುಂಪುಗಟ್ಟುವುದಕ್ಕೆ ಅದೂ ಒಂದು ಕಾರಣ. ಅದು ವಿದ್ಯಾರ್ಥಿವೇತನದ ಫಲ, ವಾಸದ ಹಕ್ಕಲ್ಲ; ಎಷ್ಟು ಜನರಿಗೆ ಕೊಡಬಹುದೆಂಬುದಕ್ಕೂ ಮಿತಿ ಇದೆ. ಎರಡನ್ನೂ ಕಲಸಿ ಹೇಳುವವರ ಮಾತು ನಂಬಿ ಬ್ಯಾಂಕ್ ಸಾಲದ ಮೊತ್ತ ನಿಗದಿ ಮಾಡಬೇಡಿ.

ಅಲ್ಲಿ ಆಗದಿದ್ದರೆ ಇಲ್ಲಿಗೆ ಕರೆಸಿಕೊಳ್ಳೋಣ ಎನ್ನುವ ಅಜ್ಜಂದಿರಿಗೂ ಎಚ್ಚರ ಬೇಕು. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಕೋಟಾದ ಸೀಟಿಗೆ ಮುಖ್ಯ ಅರ್ಹತೆ, ಒಂದನೇ ತರಗತಿಯಿಂದ ಪಿಯುಸಿ ತನಕದ ಓದಿನಲ್ಲಿ ಕನಿಷ್ಠ ಏಳು ವರ್ಷ ಈ ರಾಜ್ಯದಲ್ಲಿ ಓದಿರಬೇಕು ಎಂಬುದು. ಆಸ್ಟಿನ್ನಿನಲ್ಲಿ ಶಾಲೆ ಮುಗಿಸಿದ ಕನ್ನಡದ ಹುಡುಗ ಇಲ್ಲಿಯೂ ಹೊರಗಿನವನೇ. ಅವನ ಪಾಲಿಗೆ ಉಳಿಯುವುದು ಎನ್‌ಆರ್‌ಐ ಕೋಟಾ, ಸುರತ್ಕಲ್ಲಿನ ಎನ್‌ಐಟಿಯಂಥ ಕಡೆ ಹೊರದೇಶದಲ್ಲಿ ಓದಿದವರಿಗೆ ಮೀಸಲಾದ ಡಾಸಾ ಸೀಟು. ಎರಡರದ್ದೂ ಶುಲ್ಕ ಬೇರೆಯೇ. ಸ್ಥಳೀಯನಿಗೊಂದು, ಪರಊರಿನವನಿಗೊಂದು ಶುಲ್ಕ ಎಂಬುದು ಅಮೆರಿಕದ ಹೊಸ ದುಷ್ಟತನವೇನೂ ಅಲ್ಲ. 1955ರಲ್ಲಿ ಡಿ.ಪಿ. ಜೋಶಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟೇ, ಇಂದೋರಿನ ವೈದ್ಯಕೀಯ ಕಾಲೇಜು ಮಧ್ಯಭಾರತದ ನಿವಾಸಿಗಳಲ್ಲದವರಿಂದ ಮಾತ್ರ ಕ್ಯಾಪಿಟೇಶನ್ ಶುಲ್ಕ ಪಡೆಯುವುದು ತಪ್ಪಲ್ಲ ಎಂದಿತ್ತು. ತನ್ನ ತೆರಿಗೆಯಲ್ಲಿ ಕಟ್ಟಿದ ಕಾಲೇಜಿನಲ್ಲಿ ತನ್ನವರಿಗೆ ಮೊದಲ ಮಣೆ ಎನ್ನುವುದರಲ್ಲಿ ನ್ಯಾಯ ಇದೆ. ಎಲ್ಲ ತೆರಿಗೆಯನ್ನೂ ಕಟ್ಟಿ, ಎರಡೂ ಕಡೆ ತನ್ನವನಲ್ಲ ಎನಿಸಿಕೊಳ್ಳುವ ಮಗುವಿಗೆ ಅದೇ ನಿಯಮ ಅನ್ಯಾಯವಾಗುತ್ತದೆ.

ಇದನ್ನು ಸರಿಪಡಿಸುವ ದಾರಿ ವಾಷಿಂಗ್ಟನ್ನಿಗಿಂತ ರಾಜ್ಯಗಳ ರಾಜಧಾನಿಗಳಲ್ಲಿ ಹತ್ತಿರ ಇದೆ. ಈ ರಾಜ್ಯದ ಹೈಸ್ಕೂಲಿನಲ್ಲಿ ಓದಿ ಮುಗಿಸಿದ, ಕಾನೂನುಬದ್ಧವಾಗಿ ಇರುವ ಮಗು ವೀಸಾದ ಅಕ್ಷರ ಬದಲಾದರೂ ನಿವಾಸಿಯಾಗಿಯೇ ಉಳಿಯುತ್ತದೆ ಎಂದು ಒಂದು ಸಾಲು ಸೇರಿಸಲು 1996ರ ಫೆಡರಲ್ ಕಲಮು ಅಡ್ಡಬರುವುದಿಲ್ಲ; ಅದು ಕಾನೂನುಬದ್ಧವಾಗಿ ಇಲ್ಲದವರ ಬಗ್ಗೆ ಮಾತ್ರ. ಆ ಒಂದು ಸಾಲನ್ನು ಕೇಳಲು ಶಾಸಕರ ಕಚೇರಿಗೆ ಹೋಗುವವರು ಬೇಕು. ಅಕ್ಕ, ನಾವಿಕ ಮುಂತಾದ ಸಂಘಟನೆಗಳೂ ಊರೂರಿನ ಕನ್ನಡ ಕೂಟಗಳೂ ಸಮ್ಮೇಳನಗಳಲ್ಲಿ ತಾರೆಯರನ್ನು ಕರೆಸುವ ಖರ್ಚಿನ ಒಂದಂಶವನ್ನು ಒಬ್ಬ ವಲಸೆ ವಕೀಲರನ್ನೂ ಒಬ್ಬ ರೆಸಿಡೆನ್ಸಿ ಅಧಿಕಾರಿಯನ್ನೂ ಕರೆಸಿ ಅರ್ಧ ದಿನ ಕೂರಿಸುವುದಕ್ಕೆ ಬಳಸಲಿ. ಊಟದ ಹೊತ್ತಿಗೆ ಮುಂಚಿನ ಸಮಯ ಕೊಡಲಿ, ಆಗ ಜನ ಇರುತ್ತಾರೆ.

ಮಗು ಒಂಬತ್ತನೆಯ ತರಗತಿಯಲ್ಲಿ ಇರುವ ತಂದೆತಾಯಿಗೆ ನಮ್ಮ ಕೋರಿಕೆ ಇಷ್ಟು. ಐ-140 ಸಲ್ಲಿಸಿದ ದಿನ ಮತ್ತು ಮಂಜೂರಾದ ದಿನ, ಎರಡನ್ನೂ ಹುಡುಕಿ ತೆಗೆಯಿರಿ. ನೋಟಿಸ್ ನಿಮ್ಮ ಬಳಿ ಇಲ್ಲದಿದ್ದರೆ ಹಳೆಯ ಕಂಪನಿಯ ವಕೀಲರನ್ನು ಈಗಲೇ ಕೇಳಿರಿ, ಆ ಕಂಪನಿ ಮುಂದೆ ಇರುತ್ತದೋ ಇಲ್ಲವೋ. ಮಗುವಿನ ಐ-94 ದಿನಾಂಕವನ್ನು ನಿಮ್ಮದರ ಜೊತೆ ಹೋಲಿಸಿ ನೋಡಿರಿ. ಅರ್ಜಿ ಹಾಕಲಿರುವ ಪ್ರತಿ ವಿಶ್ವವಿದ್ಯಾಲಯಕ್ಕೂ ಒಂದೇ ಪ್ರಶ್ನೆಯನ್ನು ಇಮೇಲಿನಲ್ಲಿ ಕಳಿಸಿರಿ: ಎಚ್-4ರಲ್ಲಿ ನಿವಾಸಿಯಾಗಿ ಸೇರಿದ ವಿದ್ಯಾರ್ಥಿ ಇಪ್ಪತ್ತೊಂದಕ್ಕೆ ಎಫ್-1ಗೆ ಬದಲಾದರೆ ಶುಲ್ಕ ಏನಾಗುತ್ತದೆ? ಉತ್ತರ ಬಂದ ಮೇಲೆ ಕಾಲೇಜು ಆರಿಸಿರಿ.